ಒಲ್ಲದ ಮೋಟಾರಿನ ಮೇಡಂ

ಹೋದ ತಿಂಗಳು ಕುಶಾಲನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯೊಂದನ್ನು ದಾಟುವಾಗ ಸುಟ್ಟ ತಂತಿ ಕಾಯಿಲಿನ ವಾಸನೆ ಮೂಗಿಗೆ ಬಡಿಯಿತು. ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ನಗು ಬಂತು. ನಮ್ಮ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ಮೇಡಂ ನೆನಪಾದರು...

ಅವರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಪಾಠ ಹೇಳುತ್ತಿದ್ದರು. ಒಂಟಿ ಹೆಂಗಸು. ಸಂಜೆಯಾದರೆ ಅವರ ಕೋಣೆಯಿಂದ ಗದರುವ ದನಿ ಕೇಳುತ್ತಿತ್ತು. "ಯಾಕೆ ಹಿಂದಕ್ಕೆ ಹೋಗ್ತೀಯ? ಎಲ್ಲಿದೀಯ ಅಂತಾದ್ರೂ ಹೇಳು!" ಒಳಗೆ ಯಾರೋ ಗಂಡಸಿದ್ದಾನೆಂದು ಅವ್ವನಿಗೆ ಅನುಮಾನ. ಕೊನೆಗೊಂದು ದಿನ ಕಾಫಿ ಕೊಡುವ ನೆಪದಲ್ಲಿ ನುಗ್ಗಿ ನೋಡಿದರೆ, ಮೇಡಂ ನೆಲದ ಮೇಲೆ ಕುಳಿತು ಒಂದು ಮೋಟಾರಿಗೆ ಬುದ್ಧಿ ಹೇಳುತ್ತಿದ್ದರು.

ಅದು ಸ್ವಿಚ್ಡ್ ರಿಲಕ್ಟೆನ್ಸ್ ಮೋಟಾರ್. ರಿಲಕ್ಟೆನ್ಸ್ ಎಂಬ ಇಂಗ್ಲಿಷ್ ಪದಕ್ಕೆ 'ಮನಸ್ಸಿಲ್ಲದಿರುವುದು' ಎಂಬ ಅರ್ಥವೂ ಇದೆಯೆಂದು ನಾನು ಹೇಳಿದ್ದೇ ತಪ್ಪಾಯಿತು. ಅವ್ವನ ಬಾಯಲ್ಲಿ ಅದು 'ಒಲ್ಲದ ಮೋಟಾರು' ಆಗಿಹೋಯಿತು.

ಕಾಲೇಜಿನಲ್ಲಿ ಅತಿಥಿಗಳ ಮುಂದೆ ಅದನ್ನು ಓಡಿಸಲು ಹೋದಾಗ ಅದು ಹಿಮ್ಮುಖವಾಗಿ ತಿರುಗಿ, ಗುಡುಗಿ, ನಿಂತುಬಿಟ್ಟಿತ್ತಂತೆ. ಎಲ್ಲರೂ ನಕ್ಕಿದ್ದರಂತೆ. ಆ ದಿನವೇ ಮೇಡಂ ಅದನ್ನು ಗೋಣಿಚೀಲದಲ್ಲಿ ಸುತ್ತಿ ಮನೆಗೆ ತಂದಿದ್ದರು.

ಆ ವರ್ಷ ನಮ್ಮ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಜೋರಾಗಿದ್ದಾಗ, ಸಿಪ್ಪೆ ಸುಲಿಯುವ ಪಲ್ಪರಿನ ಮೋಟಾರು ಸುಟ್ಟಿತು. ಶೆಡ್ಡಿನ ತುಂಬ ಕೆಂಪು ಹಣ್ಣಿನ ರಾಶಿ. ಅಂದೇ ಸಿಪ್ಪೆ ಬಿಡಿಸದಿದ್ದರೆ ಹುಳಿ ಹಿಡಿದು ಕಾಫಿ ಕೆಟ್ಟಂತೆಯೇ. ವೈಂಡಿಂಗ್ ಅಂಗಡಿಯವನು ಒಂದು ವಾರ ಬೇಕು ಅಂದ. ನಾನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಮೇಡಂ ಬಾಗಿಲಲ್ಲಿ ನಿಂತು, "ನನ್ನದನ್ನ ಹಾಕಿ ನೋಡೋಣ್ವಾ?" ಅಂದರು. ದನಿಯಲ್ಲಿ ಧೈರ್ಯವೇನೂ ಇರಲಿಲ್ಲ.

ಜೋಡಿಸುವಾಗ ಅವ್ವನಿಗೆ ವಿವರಿಸಿದರು. "ಇದರೊಳಗೆ ತಿರುಗೋದು ಬರೀ ಕಬ್ಬಿಣ. ಸುತ್ತ ಇರೋ ಕಾಯಿಲುಗಳು ಒಂದಾದ ಮೇಲೊಂದು ಅದನ್ನ ಎಳೀತವೆ. ಹತ್ತಿರ ಬರ್ತಿದ್ದ ಹಾಗೇ ಕೈ ಬಿಡ್ಬೇಕು. ಬಿಡೋದು ತಡವಾದ್ರೆ ಮುಂದಕ್ಕೆ ಹೋಗೋದನ್ನೇ ಹಿಂದಕ್ಕೆ ಜಗ್ಗುತ್ತೆ."

"ಹಂಗಾರೆ ಕಬ್ಬಿಣ ಎಲ್ಲಿ ಅದೆ ಅಂತ ಗೊತ್ತಿರಬೇಕಲ್ಲ?"

"ಅದೇ ನನ್ನ ಜನ್ಮದ ಗೋಳು, ಅಮ್ಮ."

ಅದನ್ನು ತಿಳಿಯಲೆಂದೇ ಮೋಟಾರಿನ ತುದಿಯಲ್ಲಿ ಸೀಳುಗಳಿರುವ ತಗಡಿನ ಬಿಲ್ಲೆಯೊಂದಿತ್ತು. ಸೀಳಿನ ಮೂಲಕ ಬೆಳಕು ಹಾಯ್ದರೆ ಸೆನ್ಸರಿಗೆ ಲೆಕ್ಕ ಸಿಗುತ್ತದೆ. ಸ್ವಿಚ್ಚು ಒತ್ತಿದರು. ಮೋಟಾರು ಹೊರಡಿಸಿದ ಊಳು ಎಂಥದ್ದೆಂದರೆ, ಆನೆ ಬಂದಾಗ ಅರಣ್ಯ ಇಲಾಖೆಯವರು ಹಾಕುವ ಸೈರನ್ನೇ ಇದು ಎಂದುಕೊಂಡು ಪಿಕ್ಕಿಂಗಿನ ಹೆಂಗಸರೆಲ್ಲ ಚೀಲ ಬಿಟ್ಟು ತಾವು ವಾಸವಿದ್ದ ಲೈನ್‌ಮನೆ ಕಡೆ ಓಡಿದರು. ಬೀದಿನಾಯಿಗಳು ಮೋಟಾರಿಗೆ ದನಿಗೂಡಿಸಿದವು. ಆದರೂ ಪಲ್ಪರ್ ತಿರುಗುತ್ತಿತ್ತು! ಅವ್ವ ಬಗ್ಗಿ ನೋಡಲು ಹತ್ತಿರ ಹೋದಳು. ಅಷ್ಟರಲ್ಲಿ ನೀರಿನೊಡನೆ ಹಾರಿದ ಹಣ್ಣಿನ ಸಿಪ್ಪೆಯೊಂದು ಬಿಲ್ಲೆಯ ಸೀಳಿಗೆ ಅಂಟಿಕೊಂಡಿತು. ಮೋಟಾರಿಗೆ ದಿಕ್ಕು ತಪ್ಪಿತು. ಗಕ್ಕನೆ ನಿಂತು, ಹಿಮ್ಮುಖವಾಗಿ ತಿರುಗಿ, ಒಳಗಿದ್ದ ಹಣ್ಣನ್ನೆಲ್ಲ ಅವ್ವನ ಮುಖಕ್ಕೆ ಉಗಿಯಿತು.

ಅವ್ವ ಹಣೆಯ ವಿಭೂತಿಯ ಮೇಲಿನ ಸಿಪ್ಪೆ ಒರೆಸಿಕೊಂಡು, "ಒಲ್ಲೆ ಅನ್ನಕ್ಕೂ ಒಂದು ರೀತಿ ಬ್ಯಾಡ್ವಾ?" ಅಂದಳು.

ಮೇಡಂ ನಗಲಿಲ್ಲ. ಕಣ್ಣು ತುಂಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೆನ್ಸರನ್ನೇ ಕಿತ್ತು ಪಕ್ಕಕ್ಕಿಟ್ಟರು. ನಾನು ಗಾಬರಿಯಾದೆ. ಕಣ್ಣಿದ್ದೇ ಈ ಗತಿಯಾದರೆ, ಕಣ್ಣು ಕಿತ್ತ ಮೇಲೆ?

"ಈ ಜಾಗದಲ್ಲಿ ಕಣ್ಣು ನಂಬೋಕಾಗಲ್ಲ," ಅಂದರು. "ಎಳೆಯದೆ ಸುಮ್ನಿರೋ ಕಾಯಿಲಿಗೆ ಚೂರೇಚೂರು ಕರೆಂಟು ಬಿಡ್ತೀನಿ. ಕಬ್ಬಿಣ ಎದುರಿಗಿದ್ರೆ ಕರೆಂಟು ನಿಧಾನ ಏರುತ್ತೆ, ದೂರ ಇದ್ರೆ ಬೇಗ. ಅದರಲ್ಲೇ ಜಾಗ ಗೊತ್ತಾಗುತ್ತೆ." ಅವರು ಸಂಜೆಗಳನ್ನೆಲ್ಲ ಕಳೆದದ್ದು ಇದಕ್ಕೇ. ಆದರೆ ಅಂದಿನವರೆಗೆ ಒಮ್ಮೆಯೂ ನೆಟ್ಟಗೆ ಓಡಿರಲಿಲ್ಲ.

ಒದ್ದೆ ನೆಲದಲ್ಲಿ ಮಣೆ ಹಾಕಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೊದಲ ಸಲ ಮೋಟಾರು ನಡುಗಿ ಸುಮ್ಮನಾಯಿತು. ಮತ್ತೊಮ್ಮೆ ಮಾಡಿದಾಗ ಅರ್ಧ ಸುತ್ತು ಹಿಂದಕ್ಕೆ ಹೋಯಿತು. ಅವ್ವ ಬಾಗಿಲಾಚೆ ಸರಿದು ಮುಖಕ್ಕೆ ಮೊರ ಅಡ್ಡ ಹಿಡಿದಳು. ಕಾಯಿಲು ಕೈ ಬಿಡುವ ಹೊತ್ತನ್ನು ಮೇಡಂ ಇನ್ನಷ್ಟು ಮುಂಚೆ ಮಾಡಿದರು. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸ್ವಿಚ್ಚು ಒತ್ತಿದರು.

"ನನಗೆ ನೋಡಕ್ಕಾಗಲ್ಲ. ಯಾವ ಕಡೆ ತಿರುಗ್ತಿದೆ, ನೀವೇ ಹೇಳಿ!"

"ಸರಿಯಾದ ಕಡೆಗೇ, ಮೇಡಂ!"

"ಸುಳ್ಳು!"

"ದೇವರಾಣೆ!" ಎಂದು ಮೊರದ ಹಿಂದಿನಿಂದ ಅವ್ವ ಕೂಗಿದಳು.

ಕಣ್ಣು ಬಿಟ್ಟರು. ಒಂದು ಕಡೆ ಸಿಪ್ಪೆ, ಇನ್ನೊಂದು ಕಡೆ ಲೋಳೆ ಮೆತ್ತಿದ ಬೀಜ ಸುರಿಯುತ್ತಿತ್ತು. ಮೇಡಂ ಆ ಬೀಜವನ್ನು ಬೊಗಸೆಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದರು... ಕತ್ತಲಾಗುವುದರೊಳಗೆ ರಾಶಿ ಕರಗಿತು. ಆನೆಗೆ ಹೆದರಿ ಓಡಿದ್ದ ಹೆಂಗಸರು ಅಷ್ಟೊತ್ತಿಗೆ ವಾಪಸು ಬಂದು, ಅವ್ವನ ಕೂದಲಿನಿಂದ ಸಿಪ್ಪೆ ಆರಿಸುತ್ತ ನಗುತ್ತಿದ್ದರು.

ನಮ್ಮ ಮೋಟಾರು ರಿಪೇರಿಯಾಗಿ ಬರುವವರೆಗೂ ಮೇಡಂ ಅವರದೇ ಊಳಿಡುತ್ತ ದುಡಿಯಿತು. ಮುಂದೆ ಅವರಿಗೆ ವರ್ಗವಾಯಿತು. ಹೋದ ಮೇಲೂ ಪ್ರತಿ ಪಿಕ್ಕಿಂಗಿನಲ್ಲಿ ಅವ್ವನಿಗೆ ಫೋನು ಮಾಡುವುದನ್ನು ತಪ್ಪಿಸಲಿಲ್ಲ. ಕಿವಿ ಮಂದವಾದ ಅವ್ವ ಇಡೀ ಊರಿಗೆ ಕೇಳುವಂತೆ ಉತ್ತರ ಹೇಳುತ್ತಿದ್ದಳು.

ಈ ಸಲ ಫೋನು ಬರಲಿಲ್ಲ. ಕುಶಾಲನಗರದಿಂದ ಬಂದ ಸಂಜೆ ನಾನೇ ಮಾಡಿದೆ. ಅವರ ತಂಗಿ ಎತ್ತಿಕೊಂಡರು. ಮೇಡಂ ಮಳೆಗಾಲದಲ್ಲೇ ತೀರಿಕೊಂಡರಂತೆ. ಕೆಲವೇ ದಿನದ ಜ್ವರವಂತೆ.

ಅವ್ವನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಹೊರಟಾಗ ಕೈಯೆತ್ತಿ ತಡೆದಳು. ಆಮೇಲೆ ಸಿಟ್ಟಿನಿಂದಲೇ ಅಂದಳು:

"ನನಗಿಂತ ಎಷ್ಟು ಚಿಕ್ಕೋಳು ಕಣೋ ಅವಳು. ಹಿರೇರನ್ನ ಬಿಟ್ಟು ಹಂಗೆ ಮುಂದೆ ಹೋಗಬಾರದು ಅಂತ ಗೊತ್ತಾಗ್ಲಿಲ್ವಾ?"