ಅತ್ತಿ ಹೇಳಿದ ಚುಕ್ಕಿಗಾಡಿ

ಹೋದ ವರ್ಷ ಅತ್ತಿಯ ಸೀರೆ ತರಲು ನಮ್ಮೂರು ಬಂಡ್ರಿಗೆ ಹೋದವಳು ಸುಮ್ಮನೆ ಹಳೇ ಟಿವಿಯ ಸ್ವಿಚ್ ಹಾಕಿದೆ. ಚಿತ್ರ ಬರಲಿಲ್ಲ, ವಾಸನೆ ಬಂತು. ಒಳಗೆ ಕೂತ ಅದಿರಿನ ಕೆಂಪು ಧೂಳು ಬಿಸಿಯಾಗಿ ಸುಡುವ ವಾಸನೆ. ಹುಲಿಗೆಮ್ಮತ್ತಿ ಇನ್ನೇನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು "ಗಂಗೀ, ಸರಿ ಆಕಡಿ" ಎನ್ನುತ್ತಾಳೆ ಅನ್ನಿಸಿ ಗೋಡೆಗೆ ಒರಗಿ ಕುಂತುಬಿಟ್ಟೆ. ಅತ್ತಿ ಎಲ್ಲಿ ಬರಬೇಕು? ಲಕ್ವ ಹೊಡೆದು ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಬಲಗೈ ಬಿದ್ದಿತ್ತು, ಮಾತು ನಿಂತಿತ್ತು, ನನ್ನನ್ನು ಗೋಡೆ ನೋಡಿದಂತೆ ನೋಡುತ್ತಿದ್ದಳು. ಒಮ್ಮೆ, ಒಂದೇ ಒಂದು ಸಲ ಆಕೆಗೆ ನನ್ನ ಗುರುತು ಹತ್ತಿದರೆ ಸಾಕೆಂದು ಕಂಡಕಂಡ ದೇವರಿಗೆಲ್ಲ ಕೈ ಮುಗಿದಿದ್ದೆ.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಸಂಡೂರಿನಲ್ಲಿ ಗಣಿ ಸಾಹೇಬರ ಗೆಸ್ಟ್‌ಹೌಸಿನಲ್ಲಿ ರೊಟ್ಟಿ ಬಡಿದು ಬಡಿದು ಹಿಂದಿ ಕಲಿತವಳು. ಅಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದ, ಅವ್ವ ಹೊಲಕ್ಕೆ ಹೋಗುತ್ತಿದ್ದಳು; ಭಾನುವಾರ ಸಂಜೆ ಟಿವಿ ಮುಂದೆ ನಾನು, ಅತ್ತಿ ಇಬ್ಬರೇ. ಆಗ ಹಿಂದಿಯಲ್ಲೊಂದು ಕಾರ್ಟೂನು ಬರುತ್ತಿತ್ತು, ಚುಕ್ಕಿಯಿಂದ ಚುಕ್ಕಿಗೆ ಗಾಡಿಗಳ ರೇಸು. ಅದರ ಹೆಸರು ನಮ್ಮ ನಾಲಿಗೆಗೆ ತಿರುಗುತ್ತಿರಲಿಲ್ಲ, ಚುಕ್ಕಿಗಾಡಿ ಎಂದು ಕರೆದೆವು. ಶಾಲೆಯಲ್ಲಿ ಯಾರೂ ನೋಡುತ್ತಿರಲಿಲ್ಲ. "ಅದ್ರಾಗ ಹೊಡದಾಟನ ಇಲ್ಲ, ಬರೇ ಧೂಳು" ಎಂದು ನಗುತ್ತಿದ್ದರು. ಅವರ ಬಾಯಾಗ ಮಣ್ಣು ಬೀಳ! ಆ ಧೂಳು ಬರೆದವರ ಕೈಗೆ ಮುತ್ತು ಕೊಡಬೇಕು ನೋಡ್ರಿ. ಕೆಂಪು ಗ್ರಹದಲ್ಲಿ ಗಾಡಿ ತಿರುವು ಹೊಡೆದರೆ ಧೂಳು ಎದ್ದು, ನಿಂತು, ಮೆಲ್ಲಗೆ ಕೂರುತ್ತಿತ್ತು, ಘಾಟಿನಲ್ಲಿ ಅಪ್ಪನ ಟಿಪ್ಪರಿನ ಹಿಂದೆ ಕೂರುವ ಹಂಗೇ. ಬೇರೆ ಕಾರ್ಟೂನಿನಲ್ಲಿ ಈ ವಾರ ಮುರಿದ ಗಾಡಿ ಮುಂದಿನ ವಾರ ಹೊಚ್ಚ ಹೊಸದು. ಇಲ್ಲಿ ಬಿದ್ದ ಡೊಂಕು ಕೊನೆಯವರೆಗೂ ಡೊಂಕೇ. ನೀಲಾ ಎಂಬ ಹುಡುಗಿ ಅಂಥದೊಂದು ಡೊಂಕು ಗಾಡಿ ಓಡಿಸುತ್ತಿದ್ದಳು. ದಾರಿಯಲ್ಲಿ ಯಾರ ಗಾಡಿ ಕೆಟ್ಟರೂ ನಿಂತು, ರಿಪೇರಿ ಮಾಡಿ, ತಾನು ಸೋಲುತ್ತಿದ್ದಳು. ಅಲ್ಲಿ ಗಾಳಿಯಿಲ್ಲ, ಹೆಲ್ಮೆಟ್ ತೆಗೆಯುವಂತಿಲ್ಲ. ಹಂಗಾಗಿ ಆಕೆಯ ಮುಖ ನಾವು ನೋಡಿದ್ದೇ ಇಲ್ಲ.

ರೇಸು ಶುರುವಾಗುವ ಮುಂಚೆ ಅತ್ತಿ ಟಿವಿಯ ಮುಂದೆ ನಿಂಬೆಹಣ್ಣು ಇಡುತ್ತಿದ್ದಳು, ಅಪ್ಪ ಟಿಪ್ಪರಿನ ಗಾಲಿಗೆ ಇಡುವಂತೆ. ಆಮೇಲೆ ಒಂದೊಂದು ಮಾತನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳುವಳು. ಆಕೆಯ ಬಾಯಲ್ಲಿ ನೀಲಾ ಬಂಡ್ರಿಯ ಹುಡುಗಿಯೇ. "ಗೆದ್ದವ್ರು ಕಪ್ ಒಯ್ಲಿ ಬಿಡು, ನಾವು ಮನಿ ಮುಟ್ಟಿದ್ರ ಸಾಕು." ಇದು ನೀಲಾಳ ಮಾತೋ ಅತ್ತಿಯದೋ, ಯಾರು ಕೇಳುತ್ತಾರೆ!

ಒಂದು ವಾರ ಅಪ್ಪನ ಟಿಪ್ಪರು ಘಾಟಿನಲ್ಲಿ ಉರುಳಿತು. ಅಪ್ಪನನ್ನು ಹೊಸಪೇಟೆಗೆ ಒಯ್ದರು. ಭಾನುವಾರ ಸಂಜೆ ಅತ್ತಿ ಆಸ್ಪತ್ರೆಯಿಂದ ಒಬ್ಬಳೇ ಬಂದು ನನ್ನ ಪಕ್ಕ ಕುಂತಳು. ಟಿವಿಯಲ್ಲಿ ನೀಲಾಳ ಗಾಡಿ ಕೆಂಪು ಗುಡ್ಡದಿಂದ ಉರುಳಿತು. ಎಲ್ಲ ಗಾಡಿಗಳೂ ನಿಂತವು, ಓಡಿಸುವವರೆಲ್ಲ ಇಳಿದು ತಲೆ ತಗ್ಗಿಸಿದರು. "ಅತ್ತೀ, ಏನಾತು?" ಎಂದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಏನೂ ಆಗಿಲ್ಲವ್ವ. ಹೆಲ್ಮೆಟ್ ಒಡದೈತಿ. ಬ್ಯಾರೇದು ಹಾಕ್ಕೊಂಡು ಬರ್ತಾಳ" ಎಂದಳು. ಮರುದಿನ ಅಪ್ಪನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದರು. ಮುಂದಿನ ವಾರ ನೀಲಾ ಬಂದಳು, ದನಿ ಮಾತ್ರ ಬೇರೆ. "ನೆಗಡಿ ಆಗೇತಿ ಆಕಿಗೆ" ಎಂದಳು ಅತ್ತಿ. ಆ ನೆಗಡಿ ಕೊನೆಯ ಕಂತಿನವರೆಗೂ ಹೋಗಲಿಲ್ಲ, ನಾನು ಕೇಳಲೂ ಇಲ್ಲ. ಅಪ್ಪ ಹೋಗಿದ್ದ, ನೀಲಾ ಇದ್ದಳು. ಅಷ್ಟನ್ನೇ ಹಿಡಿದುಕೊಂಡು ಬದುಕಿದೆ.

ಹಂಪಿಯಲ್ಲಿ ಪ್ರವಾಸಿಗರ ಜೊತೆ ಏಗಿ ಏಗಿ ಈಗ ನನಗೂ ಹಿಂದಿ ಬರುತ್ತದೆ. ಆ ದಿನ ಸೀರೆ ಗಂಟು ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲೇ ಹುಚ್ಚು ಹಿಡಿದವಳಂತೆ ಫೋನಿನಲ್ಲಿ ಚುಕ್ಕಿಗಾಡಿ ಹುಡುಕಿದೆ. ಯಾರೋ ಪುಣ್ಯಾತ್ಮರು ಹಾಕಿದ್ದರು. ನೋಡಿದವರು ಬೆರಳೆಣಿಕೆ ಮಂದಿ. ಆ ಕಂತು ಹಚ್ಚಿದೆ. ನೀಲಾ ಸತ್ತಿದ್ದಳು. ಆಮೇಲೆ ಅಕ್ಕನ ಹೆಸರಿನಲ್ಲಿ ಗಾಡಿ ಓಡಿಸಿದ್ದು ಆಕೆಯ ತಂಗಿ. ಅಯ್ಯೋ ಅತ್ತೀ! ಅಪ್ಪನ ಜೀವ ಆ ಭಾನುವಾರ ಮಧ್ಯಾಹ್ನವೇ ಹೋಗಿತ್ತೆಂದು ಅವ್ವ ಎಂದೋ ಹೇಳಿದ್ದಳು. ತಮ್ಮನ ಸಾವು ಹೊಟ್ಟೆಯಲ್ಲಿಟ್ಟುಕೊಂಡು ಕುಂತ ಅತ್ತಿ, ಅದನ್ನು ನನ್ನಿಂದ ಬೆಳಗಿನವರೆಗೆ ತಡೆದಿದ್ದಳು, ನೀಲಾಳ ಸಾವನ್ನು ಇಡೀ ಜನ್ಮಕ್ಕೆ ತಡೆದಿದ್ದಳು. ಬಸ್ಸಿನ ಮಂದಿ ನೋಡುತ್ತಿದ್ದರೂ ನಾಚಿಕೆ ಬಿಟ್ಟು ಅತ್ತುಬಿಟ್ಟೆ.

ಆಸ್ಪತ್ರೆಯಲ್ಲಿ ಆಕೆಯ ಮಗ್ಗುಲಿಗೆ ಕುಂತು ಅದೇ ಕಂತು ಹಚ್ಚಿ ಕಣ್ಣೆದುರು ಹಿಡಿದೆ. "ಅತ್ತೀ, ನಾನು ಗಂಗಿ. ಏನರ ಅನ್ನು. ಸುಳ್ಳರ ಹೇಳಬೇ!" ಆಕೆಯ ಕಣ್ಣು ಪರದೆಯ ಮೇಲೆ ನಿಂತವು. ನೀಲಾಳ ಗಾಡಿ ಗುಡ್ಡದ ಅಂಚಿಗೆ ಬರುತ್ತಿದ್ದಂತೆ ಎಡಗೈ ಎದ್ದಿತು. ಮಾತು ಬಂದೀತೆಂದು ನಾನು ಬಾಯಿ ನೋಡುತ್ತಿದ್ದೆ. ಕೈ ಬಂದು ಫೋನಿನ ಮೇಲೆ ಕುಂತಿತು. ಅಂಗೈ ಅಗಲಿಸಿ ಇಡೀ ಪರದೆ ಮುಚ್ಚಿದಳು. ಸರಿಸಹೋದೆ, ಬಿಡಲಿಲ್ಲ, ಇದ್ದಬದ್ದ ಬಲ ಹಾಕಿ ಒತ್ತಿ ಹಿಡಿದಳು. ಗುರುತು ಹತ್ತಿತ್ತು ಆಕೆಗೆ. ಆಕೆಯ ಪಾಲಿಗೆ ಇಂಥದನ್ನು ನೋಡಬಾರದ ವಯಸ್ಸಿನ ಹುಡುಗಿಯೇ ನಾನು.

ಅತ್ತಿ ಭಾಳ ದಿನ ಉಳಿಯಲಿಲ್ಲ. ಚುಕ್ಕಿಗಾಡಿ ಈಗಲೂ ನೋಡುತ್ತೇನೆ, ಕಂಡವರಿಗೆಲ್ಲ ನೋಡ್ರಿ ಎನ್ನುತ್ತೇನೆ. ಆ ಒಂದು ಕಂತು ಮಾತ್ರ ಹಚ್ಚುವುದಿಲ್ಲ. ಆಕೆ ಬ್ಯಾಡ ಅಂದಿದ್ದಾಳೆ.