ಮುರುಗೆಪ್ಪನ ಚೆಂಡಿನ ಡಬ್ಬಿ

ಮುರುಗೆಪ್ಪ ನಂಬಲು ಯೋಗ್ಯನಾದ ಮನುಷ್ಯನಲ್ಲ. ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಕನ್ನಡಿಗರು ಈಗ ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಾರೆ, ನಿಂತ ಪಂದ್ಯವನ್ನು ಮತ್ತೆ ಎಬ್ಬಿಸಿದವನೆಂದು ಹೊಗಳುತ್ತಾರೆ. ಪಂಕಜಾ ಅವರ ಅಭಿಪ್ರಾಯ ಮಾತ್ರ ಮೂವತ್ತು ವರ್ಷದಿಂದ ಕದಲಿರಲಿಲ್ಲ. ಪ್ರಿನ್ಸ್‌ಟನ್ನಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಆಕೆ ಪುರಾವೆಯಿಲ್ಲದೆ ಯಾರನ್ನೂ ದೂರುವವರಲ್ಲ. ಇಲ್ಲಿ ಪುರಾವೆಯನ್ನು ಕಣ್ಣಾರೆ ಕಂಡಿದ್ದರು.

ಗದಗಿನ ಮುರುಗೆಪ್ಪ ಔಷಧಿ ಕಂಪನಿಯೊಂದರ ಎಂಜಿನಿಯರಾಗಿ ನ್ಯೂಜೆರ್ಸಿಗೆ ಬಂದ ಕಾಲದಲ್ಲಿ ಇಲ್ಲಿಯ ಕನ್ನಡಿಗರಿಗೂ ಕೆನಡಾದ ಟೊರಾಂಟೊದವರಿಗೂ ಪ್ರತಿ ಬೇಸಿಗೆ ಬಾಲ್ ಬ್ಯಾಡ್ಮಿಂಟನ್ ಪಂದ್ಯ ನಡೆಯುತ್ತಿತ್ತು. ಒಂದು ವರ್ಷ ಇಲ್ಲಿ, ಮರುವರ್ಷ ಅಲ್ಲಿ. ಒಂದೊಂದು ತಂಡಕ್ಕೆ ಐದು ಜನ, ಹಳದಿ ಉಣ್ಣೆಯ ಚೆಂಡು. ಚೆಂಡು ಒದಗಿಸುವುದು ಆತಿಥೇಯರ ಕೆಲಸ. ಚೆಂಡು ಬದಲಿಸಬೇಕಾದರೆ ನಾಯಕರೇ ಕೇಳಬೇಕು, ಡಬ್ಬಿ ಕಾಯುವವನು ಬಾಯಿ ಹಾಕುವಂತಿಲ್ಲ ಎಂಬುದು ಮೊದಲಿನಿಂದ ನಡೆದುಬಂದ ಪದ್ಧತಿ. ನ್ಯೂಜೆರ್ಸಿಯ ಡಬ್ಬಿ ಕಾಯುತ್ತಿದ್ದವನು ಮುರುಗೆಪ್ಪ.

ಕೊನೆಯ ಪಂದ್ಯ ಇಲ್ಲಿಯ ಓಲ್ಡ್ ಬ್ರಿಡ್ಜ್‌ನಲ್ಲಿ. ನ್ಯೂಜೆರ್ಸಿ ಗೆದ್ದಿತು. ಟೊರಾಂಟೊದ ನಾಯಕ ಬೋರಲಿಂಗಯ್ಯ ಚೆಂಡನ್ನೆತ್ತಿ ಎಲ್ಲರೆದುರು ಹಿಂಡಿದರು. ನೀರು ಸುರಿಯಿತು. ಉಣ್ಣೆ ನೀರು ಕುಡಿದರೆ ಚೆಂಡು ಭಾರವಾಗಿ, ಅಂಕಣದ ಹಿಂದಿನಿಂದ ಹೊಡೆದದ್ದು ನೆಟ್ ದಾಟುವುದಿಲ್ಲ. ಟೊರಾಂಟೊದವರು ಹಿಂದಿನಿಂದಲೇ ಹೊಡೆಯುವವರು. ಅಂದು ಮಳೆ ಬಿದ್ದಿರಲಿಲ್ಲ. ಡಬ್ಬಿಯ ಒಳಗೂ ಒದ್ದೆಯಿತ್ತು. ಮುರುಗೆಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪ್ರತಿ ಬೇಸಿಗೆಯ ಪಂದ್ಯ ಅಲ್ಲಿಗೇ ನಿಂತಿತು. ಗೆದ್ದ ತಂಡದ ನಾಯಕ ಪಂಕಜಾ ಅವರ ಗಂಡ ಶಂಕರನಾರಾಯಣ. ಮೋಸದಿಂದ ಗೆದ್ದವನೆಂಬ ಮಾತು ಸಾಯುವವರೆಗೂ ಅವರ ಬೆನ್ನು ಬಿಡಲಿಲ್ಲ. ಗೆದ್ದ ಕಪ್ಪನ್ನು ಅವರು ಕಪಾಟಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಇಟ್ಟರು.

ನಿವೃತ್ತಿಯಾದ ಮೇಲೆ ಮುರುಗೆಪ್ಪನಿಗೆ ಪಂದ್ಯದ ಹುಚ್ಚು ಮತ್ತೆ ಹತ್ತಿತು. ಊರಿಂದ ಬರುವವರ ಸೂಟ್‌ಕೇಸುಗಳಲ್ಲಿ ಉಪ್ಪಿನಕಾಯಿಯ ಪಕ್ಕ ಚೆಂಡು ತುಂಬಿಸಿ ತರಿಸಿದ. ಮಗ ರಾಜಶೇಖರನನ್ನೂ ಅವನ ಗೆಳೆಯರನ್ನೂ ಹಿಡಿದು ಕಲಿಸಿದ. ಟೊರಾಂಟೊಗೆ ಬೇಸರವಿಲ್ಲದೆ ಫೋನ್ ಮಾಡಿದ. ಬೋರಲಿಂಗಯ್ಯ ಕಡೆಗೆ ಒಪ್ಪಿದರು, ಒಂದು ಮಾತಿನ ಮೇಲೆ: "ಬರ್ತೀವಿ ಕಣಯ್ಯ. ಪಂದ್ಯ ಆದ್ಮೇಲೆ ಮತ್ತೆ ಚೆಂಡಿನ ರಗಳೆ ಬಂತೋ, ಅಲ್ಲಿಗೆ ಮುಗೀತು."

ಇಷ್ಟೆಲ್ಲ ಕಷ್ಟಪಡುವುದು ಹೆಸರು ತೊಳೆದುಕೊಳ್ಳಲಿಕ್ಕೆ, ಅಥವಾ ಮಗನನ್ನು ಗೆಲ್ಲಿಸಲಿಕ್ಕೆ ಎಂದು ಪಂಕಜಾ ಲೆಕ್ಕ ಹಾಕಿದರು. ಇನ್ನೊಮ್ಮೆ ಮೋಸವಾದರೆ ಸತ್ತ ಗಂಡನ ಹೆಸರೂ ಮತ್ತೆ ಬೀದಿಗೆ ಬರುತ್ತದೆ.

"ಸ್ಕೋರು ನಾನು ಬರೀತೀನಿ," ಎಂದರು ಮುರುಗೆಪ್ಪನಿಗೆ. "ನಿಮ್ಮ ಡಬ್ಬಿ ಪಕ್ಕದಲ್ಲೇ ಕೂತು. ಏನಾದರೂ ಕಂಡರೆ ಮೈಕಿನಲ್ಲೇ ಹೇಳ್ತೀನಿ."

"ಬರ್ರಿ ಅಕ್ಕಾರ, ಕಪ್ಪೂ ತರ್ರಿ. ಕಪಾಟಿನ ಮ್ಯಾಲ ಇಟ್ಟು ಅದಕ್ಕ ಇನ್ನೆಷ್ಟ ವರ್ಷ ಶಿಕ್ಷಾ ಕೊಡ್ತೀರಿ?"

"ಅವತ್ತು ಚೆಂಡು ನೆನೆಸಿದ್ದು ನೀವೇ ಅಲ್ವೇ?"

"ಊರೆಲ್ಲಾ ಹಂಗ ಅಂತದ. ಮತ್ತ ನನ್ನ ಯಾಕ ಕೇಳ್ತೀರಿ?"

ಪಂದ್ಯದ ದಿನ ಪಂಕಜಾ ಡಬ್ಬಿಯ ಚೆಂಡುಗಳನ್ನೆಲ್ಲ ಒತ್ತಿ ನೋಡಿದರು.

"ಸಂತ್ಯಾಗ ಬದನಿಕಾಯಿ ಆರಿಸಿದಂಗ ಆರಸಾಕತ್ತೀರಲ್ಲ," ಎಂದು ಮುರುಗೆಪ್ಪ ನಕ್ಕ. ಪಂಕಜಾ ನಗಲಿಲ್ಲ. ಎಲ್ಲವೂ ಒಣಗಿದ್ದವು.

ನಿರ್ಣಾಯಕ ಗೇಮಿನ ಹೊತ್ತಿಗೆ ಸಣ್ಣದೊಂದು ಮಳೆ ಬಂದು ಹೋಯಿತು. ಹುಲ್ಲು ಒದ್ದೆಯಾಯಿತು. ಚೆಂಡು ಬಿದ್ದಲ್ಲೆಲ್ಲ ನೀರು ಕುಡಿಯುತ್ತ ಹೋಯಿತು. ಹಳದಿ ಕಡುವಾದದ್ದು ಪಂಕಜಾ ಕಣ್ಣಿಗೆ ಬಿತ್ತು. ಟೊರಾಂಟೊದ ಹೊಡೆತಗಳು ಒಂದೊಂದಾಗಿ ನೆಟ್ಟಿಗೆ ಬೀಳತೊಡಗಿದವು. ಅವರ ನಾಯಕಿ ನಂದಿತಾ ಈಚೆಗೆ ಆಟ ಕಲಿತ ಹುಡುಗಿ. ತನ್ನ ತೋಳು ಸೋತಿದೆಯೆಂದುಕೊಂಡು ಬ್ಯಾಟಿನ ಹಿಡಿ ಬದಲಿಸುತ್ತಿದ್ದಳೇ ಹೊರತು ಚೆಂಡು ಬದಲಿಸಿ ಎನ್ನಲಿಲ್ಲ. ನ್ಯೂಜೆರ್ಸಿಯ ನಾಯಕ ರಾಜಶೇಖರನಿಗೆ ಎಲ್ಲ ಗೊತ್ತಿತ್ತು. ಅವನೂ ಸುಮ್ಮನಿದ್ದ.

ಮುರುಗೆಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದ. ಅಂದೂ ಹೀಗೇ ಕೂತಿದ್ದ, ಪಂಕಜಾ ಅವರಿಗೆ ಚೆನ್ನಾಗಿ ನೆನಪಿತ್ತು. ಕೊನೆಯ ಪಾಯಿಂಟ್ ಬೀಳಲಿ, ಕಳ್ಳ ಪೂರ್ತಿ ಸಿಕ್ಕಿಬೀಳಲಿ ಎಂದು ಆಕೆ ಮೈಕಿನ ಮೇಲೆ ಕೈಯಿಟ್ಟು ಕಾದರು.

ನ್ಯೂಜೆರ್ಸಿಗೆ ಇನ್ನೊಂದೇ ಪಾಯಿಂಟ್ ಬೇಕಿತ್ತು. ರಾಜಶೇಖರ ಸರ್ವ್ ಮಾಡಲು ನಿಂತ. ಆಗ ಮುರುಗೆಪ್ಪ ಎದ್ದ. ಗೆಲುವಿನ ಫೋಟೊಗೆ ಜಾಗ ಹಿಡಿಯಲು ಹೊರಟನೆಂದುಕೊಂಡರು ಪಂಕಜಾ. ಅವನು ಗೆರೆ ದಾಟಿ ಅಂಕಣಕ್ಕೆ ಕಾಲಿಟ್ಟ. ಮಗನ ಕೈಯಿಂದ ಚೆಂಡು ತೆಗೆದುಕೊಂಡು, ಮೊಣಕಾಲು ಹಿಡಿದುಕೊಂಡು ನೆಟ್ಟಿನ ಕೆಳಗೆ ಬಗ್ಗಿ ಆಚೆ ಹೋದ.

"ತಂಗೀ, ಇದನ್ನೊಮ್ಮೆ ಹಿಂಡಿ ನೋಡು."

"ಅಪ್ಪಾ, ಯು ಕಾಂಟ್ ಡೂ ದಟ್!" ರಾಜಶೇಖರ ಕೂಗಿದ. "ಡಬ್ಬಿಯವ್ರು ಬಾಯಿ ಹಾಕಬಾರ್ದು. ರೂಲ್ ನೀನೇ ಕಲಿಸಿದ್ದಲ್ಲಾ!"

ನಂದಿತಾ ಹಿಂಡಿದಳು. ನೀರು ಅವಳ ಬೂಟಿನ ಮೇಲೆ ಸುರಿಯಿತು. ಹೊರಗೆ ಕುರ್ಚಿಯಲ್ಲಿದ್ದ ಬೋರಲಿಂಗಯ್ಯ ಎದ್ದು ನಿಂತರು. ಅವಳು ಅವರ ಮುಖ ನೋಡಿ, ಮುರುಗೆಪ್ಪನ ಕಡೆ ತಿರುಗಿ, ತಡವರಿಸಿ, "ಅಂಕಲ್, ಬೇರೆ ಚೆಂಡು ಕೊಡ್ತೀರಾ?" ಎಂದಳು.

ಮುರುಗೆಪ್ಪ ಯಾರ ಮುಖವನ್ನೂ ನೋಡದೆ ವಾಪಸು ಬಂದ. ಡಬ್ಬಿಯ ಮುಚ್ಚಳ ತೆಗೆದು ಪಂಕಜಾ ಮುಂದೆ ಹಿಡಿದ.

"ನೀವ ಆರಿಸಿ ಕೊಡ್ರಿ, ಅಕ್ಕಾರ."

ಪಂಕಜಾ ಮೈಕಿನ ಮೇಲಿದ್ದ ಕೈ ತೆಗೆದು ಡಬ್ಬಿಯೊಳಗೆ ಹಾಕಿದರು.