ಕಮಟು ಎಣ್ಣೆ

ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬಳು ವಾರಕ್ಕೊಮ್ಮೆ ಬಿಳಿಗೆರೆಯ ನಮ್ಮ ಮನೆಗೆ ಬಂದು ನನ್ನ ಸೊಂಟಕ್ಕೆ ಎಣ್ಣೆ ಹಚ್ಚಿ ನೀವುತ್ತಿದ್ದಳು. ಮೊದಲು ಎಣ್ಣೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವಳು. "ಉಸ್ರು ಬುಡವ್ವ, ನೋವು ತಾನೇ ಬುಡ್ತೈತೆ," ಎನ್ನುವಳು. ಆ ಕೈಗಳ ಕೆಳಗೆ ಎಷ್ಟೋ ಸಲ ನಿದ್ದೆ ಹೋಗಿದ್ದೇನೆ.

ಒಂದು ದಿನ, "ನನ್ ರಟ್ಟೆನೂ ಹಿಡ್ಕಂಡೈತೆ, ವಸಿ ಎಣ್ಣೆ ಕೊಡವ್ವ," ಎಂದು ಕೇಳಿದಳು. ಅಟ್ಟದ ತುಂಬ ಕೊಬ್ಬರಿಯಿದ್ದ ಮನೆ ನಮ್ಮದು. ಆದರೂ ದೀಪಕ್ಕೂ ಬೇಡವೆಂದು ಮೂಲೆಗಿಟ್ಟಿದ್ದ, ಕೆಟ್ಟ ಕೊಬ್ಬರಿಯ ಕಮಟು ಎಣ್ಣೆಯನ್ನು ಬಾಟಲಿಗೆ ಸುರಿದುಕೊಟ್ಟೆ. ಆಗ ನಾಚಿಕೆಯೇನೂ ಆಗಲಿಲ್ಲ.

ಮುಂದಿನ ವಾರ ನೀವಲು ನನ್ನ ಮೇಲೆ ಬಾಗಿದಾಗ ಅವಳ ತೋಳಿನಿಂದ ಆ ವಾಸನೆ ಬಂತು. ಅಂಗೈಯಲ್ಲಿದ್ದದ್ದು ಮಾತ್ರ ನಮ್ಮ ಮನೆಯಲ್ಲಿ ನನಗೆಂದೇ ಇಟ್ಟಿದ್ದ ಹೊಸ ಎಣ್ಣೆ. ನಾನು ದಿಂಬಿನಲ್ಲಿ ಮುಖ ಹುದುಗಿಸಿದೆ.

"ಯಾಕವ್ವ ಉಸ್ರು ಹಿಡ್ಕಂಡಿದೀಯ?" ಎಂದಳು. "ಬುಡು."